ಹಿತ್ತಲ ಕಡೆಯ ಗೋಡೆ

ಹರಿಹರದ ರಸ್ತೆಯ ಆಶ್ರಯ ಮನೆಗಳ ಫೋಟೊ ತೆಗೆಯುವುದು ನನ್ನ ಕೆಲಸವಾಗಿತ್ತು. ಫಲಾನುಭವಿ ಮನೆ ಮುಂದೆ ನಿಂತ ಫೋಟೊ ಕಚೇರಿ ಸೇರಿದ ಮೇಲೆಯೇ ಬೀಗದ ಕೈ ಸಿಗುತ್ತಿತ್ತು.

ಅಲ್ಲಿ ಒಂದು ಮನೆ ಮಂಜೂರಾಗಿದ್ದ ಹೆಂಗಸು ಕರ್ನೂಲಿನ ಕಡೆಯವಳು. ಎಳೆ ಮಗಳನ್ನು ಎತ್ತಿಕೊಂಡು ಒಬ್ಬಳೇ ದಾವಣಗೆರೆಗೆ ಬಂದು, ಮಂಡಕ್ಕಿ ಭಟ್ಟಿಯಲ್ಲಿ ದುಡಿದು, ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಿದ್ದಳು. ಏನು ಕೇಳಿದರೂ ಸೆರಗಿನಿಂದ ಕೈಯ ಬೂದಿ ಒರೆಸಿಕೊಂಡು, “ನೋಡಿ ಹೇಳ್ತೀನ್ರಿ” ಎನ್ನುತ್ತಿದ್ದಳು.

ಫೋಟೊಗೆ ಮನೆ ಮುಂದೆ ನಿಲ್ಲಲು ಹೇಳಿದಾಗಲೂ ಹಾಗೇ ಅಂದು ಮನೆಯನ್ನು ಒಂದು ಸುತ್ತು ಹಾಕಿ ಬಂದಳು.

“ಮುಂದ ಅಷ್ಟೇ ಗಿಲಾವು ಮಾಡ್ಯಾರ್ರಿ. ಹಿಂದ ಬರೀ ಇಟ್ಟಿಗೆ ಐತೆ. ಅಲ್ಲೇ ನಿಂತ್ಕಂತೀನಿ, ತೆಗೀರಿ.”

“ಹಂಗ್ ತೆಗೆದ್ರೆ ಬೀಗದ ಕೈ ತಡ ಆಗ್ತೈತಮ್ಮ” ಎಂದೆ.

“ಆಗ್ಲಿ ಬಿಡ್ರಿ.”

ಮಗಳ ಕೈ ಹಿಡಿದು ಆ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸಾಲಿನ ಉಳಿದ ಮನೆಗಳೂ ಹಾಗೇ ಇದ್ದವು. ಅವನ್ನೆಲ್ಲ ನಾನೇ ಮುಂದಿನಿಂದ ತೆಗೆದಿದ್ದೆ.

ಆ ಫೋಟೊ ಕಚೇರಿ ಸೇರಿ ಎರಡು ತಿಂಗಳು ಕಳೆದ ಮೇಲೆ ಗುತ್ತಿಗೆದಾರ ಆಕೆಯ ಮನೆಗಷ್ಟೇ ಗಿಲಾವು ಮುಗಿಸಿದ. ಮತ್ತೆ ಫೋಟೊಗೆ ಹೋದೆ. ಆಕೆ ತನ್ನ ಬಾಗಿಲಲ್ಲಿರಲಿಲ್ಲ. ಪಕ್ಕದ ಮನೆಯ ಅಜ್ಜಿಯನ್ನು ತೋಳು ಹಿಡಿದು ಅವರ ಹಿತ್ತಲ ಗೋಡೆಗೆ ನಿಲ್ಲಿಸುತ್ತಿದ್ದಳು.

“ನಂದು ಆಮ್ಯಾಲೆ ತೆಗೀರಂತೆ. ಮೊದ್ಲು ಇವರದ್ದು.”