ಗೊತ್ತಿಲ್ಲದ ಹಾಡು

ಪವಾಡ ಗಿವಾಡ ಏನೂ ನಡೆಯಲಿಲ್ಲ. ನಮ್ಮ ಯಜಮಾನರ ಕಿವಿಗೆ ಅವರಿಗೆ ಗೊತ್ತಿಲ್ಲದ ಹಾಡೊಂದು ಬಿತ್ತು, ಕಟ್ಟಿದ್ದ ಗಂಟಲು ಬಿಟ್ಟಿತು. ಆದದ್ದು ಇಷ್ಟೇ.

ಲಕ್ವ ಹೊಡೆದ ಮೇಲೆ ಕೈಕಾಲು ಅಷ್ಟಿಷ್ಟು ಆಡುತ್ತಿದ್ದವು, ಮಾತು ಮಾತ್ರ ನಿಂತುಹೋಗಿತ್ತು. ಗುಬ್ಬಿಯಿಂದ ತುಮಕೂರಿನ ಸದಾಶಿವನಗರಕ್ಕೆ, ಮಗಳ ಮನೆಗೆ ಬಂದಿದ್ದೆವು. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಿತ್ತೆ?

ಊರಿನ ರಂಗಪ್ಪನ ಗುಡಿಯಲ್ಲಿ ಇವರು ಶನಿವಾರದ ಭಜನೆ ತಪ್ಪಿಸಿದವರಲ್ಲ. ಒಬ್ಬರು ಮುಂದೆ ಹೇಳಿದರೆ ಹಿಂದೆ ಹೇಳುವ ಗುಂಪಿನಲ್ಲಿ ತಾಳ ಹಿಡಿದು ಕೂರುತ್ತಿದ್ದರು. ಹಾಗಾಗಿ ನಾನು ದಿನಾ ಪಕ್ಕದಲ್ಲಿ ಕೂತು ಆ ಪದಗಳನ್ನೇ ಹೇಳುತ್ತಿದ್ದೆ. ಬಾಯಿ ತೆರೆಯುವರು, ಮುಂದಿನ ಮಾತಿಗೆ ತಡಕಾಡುವರು. ಸಿಗದಿದ್ದಾಗ ತಾಳ ಎಸೆದು ಗೋಡೆ ಕಡೆ ತಿರುಗುವರು.

ಪಕ್ಕದ ಮನೆಯ ನರ್ಸಮ್ಮ ಕುಣಿಗಲ್ ಕಡೆಯವಳು, ಚರ್ಚಿಗೆ ಹೋಗುವವಳು. ಒಂದು ಸಂಜೆ ಬಿಪಿ ನೋಡಲು ಬಂದು, ಪಟ್ಟಿ ಸುತ್ತುತ್ತಾ ತನ್ನ ಪಾಡಿಗೆ ಪ್ರಾರ್ಥನೆಯ ಹಾಡು ಹೇಳಿಕೊಂಡಳು. ಇವರು ಅದರ ಹಿಂದೆಯೇ "ಊಂ" ಎಂದು ರಾಗ ಎಳೆದರು. ಮಾತಿಗೆ ತಡಕಾಡಲಿಲ್ಲ. ಗೊತ್ತಿದ್ದರೆ ತಾನೆ ತಡಕಾಡುವುದು.

ನಾನು ಬಿಡಿಸುತ್ತಿದ್ದ ಸೊಪ್ಪು ಬಿಟ್ಟು ಎದ್ದೆ. "ನಿಲ್ಲಿಸ್ಬ್ಯಾಡ ಕಣಮ್ಮ, ಹೇಳು."

"ಅಜ್ಜಿ, ಇದು ನಮ್ ಯೇಸು ಹಾಡು."

"ಯಾರ್ದಾದ್ರೂ ಆಗ್ಲಿ ಹೇಳೇ. ನಮ್ ರಂಗಪ್ಪ ಬೇಜಾರ್ ಮಾಡ್ಕೊಂಡ್ರೆ ನಾನ್ ನೋಡ್ಕೋತೀನಿ."

ಹೇಳುತ್ತಾ ಹೇಳುತ್ತಾ ಒಂದು ಸಲ, ಅವಳು ಯೇಸು ಎನ್ನುವ ಕಡೆ ಇವರು "ರಂಗಾ" ಎಂದರು. ಸ್ಪಷ್ಟವಾಗಿಯೇ ಎಂದರು. ಅವಳಿಗೆ ನಗು ಬಂದು ಹಾಡು ನಿಂತಿತು.

"ತಾತ, ನಮ್ ಫಾದರ್ ಮುಂದೆ ಹಿಂಗ್ ಹೇಳ್ಬುಟ್ಟೀಯ."

ನಾನು ಒಳಗೆ ಹೋದೆ. ಕಾಫಿ ಮಾಡಿ ಸಕ್ಕರೆ ಜಾಸ್ತಿ ಹಾಕಿ ಕೊಟ್ಟೆ. ಆ ಹುಡುಗಿಯ ಋಣ ನನ್ನ ಮೇಲಿದೆ. ಇರಲಿ, ತೀರಿಸಿಬಿಡುವ ಆತುರ ನನಗಿಲ್ಲ.

ಮಾರನೆಯ ಬೆಳಿಗ್ಗೆ ಎದ್ದವಳೇ ಗುಬ್ಬಿಯ ಸಾಬರಿಗೆ ಫೋನ್ ಮಾಡಿದೆ. ನಮ್ಮ ಭಜನೆಗೆ ಮೊದಲಿನಿಂದಲೂ ಡೋಲಕ್ ಬಾರಿಸುವವರು ಅವರೇ.

"ಡೋಲಕ್ ಎತ್ಕೊಂಡ್ ಬನ್ನಿ ಸಾಬ್ರೇ."

"ಬರ್ತೀನಿ ಅಕ್ಕ. ಯಾವ ಭಜನೆ ಹೇಳಾನ?"

"ಭಜನೆ ಬ್ಯಾಡ. ಅವೆಲ್ಲಾ ಇವ್ರಿಗೆ ಗೊತ್ತು. ನಿಮ್ ದರ್ಗಾದಲ್ಲಿ ಹೇಳ್ತೀರಲ್ಲ, ಅದ್ ಹೇಳಿ."

"ಮೊದಲ್ನೇ ಬಸ್ಸಿಗೇ ಬರ್ತೀನಿ" ಎಂದರು.

ನಾನು ಮಂಚದ ಕೆಳಗೆ ಬಿದ್ದಿದ್ದ ತಾಳ ಹುಡುಕಿ, ಸೆರಗಿನಲ್ಲಿ ಒರೆಸಿ, ಇವರ ಕೈಗೆ ಕೊಟ್ಟೆ.