ದನದ ಮೈಮೇಲೆ ಕನ್ನಡ ಅಂಕಿ

"ಅಜ್ಜಿ, ವಾಟ್ ಈಸ್ ದಿಸ್?" ಎಂದು ಮೊಮ್ಮಗಳು ಕಿರುಚಿದಳು. ಅಷ್ಟರಲ್ಲಿ ನಾನು ದೊಡ್ಡಿಯಲ್ಲಿದ್ದ ದನಗಳ ಮೈಮೇಲೆಲ್ಲ ಸ್ಪ್ರೇ ಪೇಂಟಿನಲ್ಲಿ ಫೋನ್ ನಂಬರ್ ಬರೆದು ಮುಗಿಸಿದ್ದೆ. ಬರೆದದ್ದು ಕನ್ನಡ ಅಂಕಿಯಲ್ಲಿ. ಅವಸರದಲ್ಲಿ ಕೈಗೆ ಬಂದದ್ದು ಅದೇ.

ಅಮೆರಿಕದ ಸ್ಯಾನ್ ಡಿಯಾಗೋ ಊರು ದಾಟಿದ ಮೇಲೆ ಮೈಲಿಗೊಂದು ಮನೆಯಿರುವ ಬೆಟ್ಟದ ಸೀಮೆ ಅದು. ಅಲ್ಲಿ ದನ ಸಾಕುವವರಿಗೆ ಸಲಹೆ ಕೊಡುವುದು ಮೊಮ್ಮಗಳ ಸರ್ಕಾರಿ ಕೆಲಸ. ಕಾಡಿನ ಬೆಂಕಿ ಹತ್ತಿರ ಬರುತ್ತಿತ್ತು, ದನ ಸಾಗಿಸಲು ಲಾರಿ ಸಿಗಲಿಲ್ಲ. ಮೈಮೇಲೆ ನಿಮ್ಮ ನಂಬರ್ ಬರೆದು ಗೇಟು ತೆರೆದುಬಿಡಿ, ಕಂಡವರು ಫೋನ್ ಮಾಡುತ್ತಾರೆ ಎಂದು ದನಗಳ ಒಡತಿ ಮಾರ್ಥಾಗೆ ಹೇಳಿದವಳು ಅವಳೇ. ಅವಳ ಜೊತೆ ಹೋಗಿದ್ದ ನಾನು ಬರೆಯುವ ಕೆಲಸ ಹಿಡಿದಿದ್ದೆ. ಮಾರ್ಥಾಗೆ ಆ ದನಗಳ ಹೊರತು ಬೇರೆ ಬದುಕಿಲ್ಲ. ಕನ್ನಡ ಅಂಕಿ ಅಲ್ಲಿ ಯಾರಿಗೂ ಓದಲು ಬಾರದು, ಆದರೆ ಅಳಿಸಿ ಬರೆಯಲು ಹೊತ್ತಿರಲಿಲ್ಲ. ಹಾಗೆಯೇ ಗೇಟು ತೆರೆದೆವು.

ಬೆಂಕಿ ಆರಿದ ಮೇಲೆ, ಸಿಕ್ಕಿದ ದನಗಳನ್ನೆಲ್ಲ ಒಂದು ಮೈದಾನದಲ್ಲಿ ಕೂಡಿಹಾಕಿದ್ದರು. ಮೊಮ್ಮಗಳು ನನ್ನನ್ನು ಮನೆಯಲ್ಲೇ ಇರು ಎಂದಳು.

"ಓದ್ಲಿಕ್ಕೆ ಬರ್ತದಾ ನಿನಗೆ? ಬರೆದದ್ದು ನಾನು, ಓದುವುದೂ ನಾನೇ. ಕಾರ್ ತೆಗಿ!" ಎಂದೆ.

ಬಿಸಿಲಲ್ಲಿ ಬೇಲಿಗುಂಟ ನಡೆದು ಮಾರ್ಥಾಳ ಒಂದೊಂದೇ ದನವನ್ನು ತೋರಿಸಿದೆ. ಕಾವಲಿನವನು ನಂಬಲಿಲ್ಲ. ಕೋಲು ತೆಗೆದುಕೊಂಡು ಅದೇ ಅಂಕಿಗಳನ್ನು ಮಣ್ಣಿನಲ್ಲಿ ಬರೆದೆ. ಅವನು ನೆಲ ನೋಡಿದ, ದನ ನೋಡಿದ, ಗೇಟು ತೆರೆದ.

ಎರಡು ದನ ಮಾತ್ರ ಸಿಗಲೇ ಇಲ್ಲ. ಯಾರಾದರೂ ಕಂಡಿದ್ದರೂ ಆ ನಂಬರ್ ಓದಿ ಫೋನ್ ಮಾಡಲಾರರು. ಅದಕ್ಕೇ ಈ ವಯಸ್ಸಿನಲ್ಲಿ ದಿನಾ ಕೂತು ಇಂಗ್ಲಿಷ್ ಅಂಕಿ ತಿದ್ದುತ್ತಿದ್ದೇನೆ. ಆ ಸೀಮೆಗೆ ಬೆಂಕಿ ಮತ್ತೆ ಬಂದೇ ಬರುತ್ತದೆ.