ಸೊಪ್ಪಮ್ಮನ ತಿರುವು

ಅಂಜಿನಮ್ಮ ನನ್ನ ಸೋದರಮಾವನ ಹೆಂಡತಿ, ನನಗೆ ಅತ್ತೆ. ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆಗಿರುವ ಒಂದು ಊರಿನವರು. ಆ ಊರಿನ ಹೆಸರು ಹೇಳುವುದಿಲ್ಲ. ಅಂಜಿನಮ್ಮ ಎನ್ನುವುದೂ ಅವರ ನಿಜವಾದ ಹೆಸರಲ್ಲ, ಉಳಿದವರ ಹೆಸರುಗಳೂ ಹಾಗೆಯೇ. ಬರೆಯುವುದಾದರೆ ಹೀಗೇ ಬರೆಯಬೇಕೆಂದು ಅವರು ಕರಾರು ಹಾಕಿದ್ದಾರೆ, ಅದನ್ನು ಮೀರುವ ಧೈರ್ಯ ನನಗಿಲ್ಲ.

ಅತ್ತೆಗೆ ಅರವತ್ತು ದಾಟಿದೆ. ಒಂದು ಮಂದೆ ಕುರಿ, ಸ್ವಲ್ಪ ರಾಗಿ ಹೊಲ, ಪಕ್ಕದಲ್ಲೇ ಬೇರೆ ಒಲೆ ಹೂಡಿರುವ ಇಬ್ಬರು ಗಂಡುಮಕ್ಕಳು, ಚಿಕ್ಕಬೀರಪ್ಪ ಎಂಬ ಮಾತು ಕಮ್ಮಿಯ ಗಂಡ, ಇಷ್ಟು ಅವರ ಸಂಸಾರ. ಮಾವ ಆಡದೆ ಬಿಟ್ಟ ಮಾತನ್ನೆಲ್ಲ ಅತ್ತೆ ಆಡಿ ಮುಗಿಸುತ್ತಾರೆ ಎಂದು ಊರಲ್ಲಿ ತಮಾಷೆಯಿದೆ. ಸುಳ್ಳಲ್ಲ. ಕುರಿಗೆ ಬೈಯುತ್ತಾರೆ, ಸೊಸೆಯರಿಗೆ ಬೈಯುತ್ತಾರೆ, ಸಾರಿಗೆ ಉಪ್ಪು ಹೆಚ್ಚಾದರೆ ಉಪ್ಪಿಗೇ ಬೈಯುತ್ತಾರೆ. ಆದರೆ ನಾಲ್ಕು ಜನ ಗಂಡಸರು ಕೂತ ಕಡೆ ಅವರು ಬಾಯಿ ಬಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಇಷ್ಟು ಮಾತಾಡುವ ಹೆಂಗಸಿನ ಹೊಟ್ಟೆಯಲ್ಲಿ ಆಡದ ಮಾತೊಂದು ಉಳಿದಿರಬಹುದು ಎಂದೂ ನನಗೆ ಹೊಳೆದಿರಲಿಲ್ಲ.

ನಾನು ಹೇಮಾವತಿ. ಕಡೂರಿನ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ವರ್ಷಾನುಗಟ್ಟಲೆ ದಿನಾ ಬಂದು ದುಡಿಯುವವರನ್ನು ಬೇರೆ ಯಾರ ಮನೆಯಲ್ಲೂ ಅತಿಥಿ ಎನ್ನುವುದಿಲ್ಲ, ಕಾಲೇಜಿನಲ್ಲಿ ಮಾತ್ರ ಅನ್ನುತ್ತಾರೆ. ಪಾಠದ ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಸಾಂಸ್ಕೃತಿಕ ಭೂಗೋಳ. ಮಳೆ, ಮಣ್ಣು, ಬೆಳೆಯ ಲೆಕ್ಕ ಅಲ್ಲ. ಜನ ತಮ್ಮ ನೆಲಕ್ಕೆ ಏನು ಅರ್ಥ ಕೊಡುತ್ತಾರೆ, ಯಾವ ಬಂಡೆಗೆ ಯಾಕೆ ಕೈ ಮುಗಿಯುತ್ತಾರೆ, ಯಾವ ಮರದ ಕೆಳಗೆ ಯಾಕೆ ಮಲಗುವುದಿಲ್ಲ ಎಂದು ತಿಳಿಯುವ ಓದು. ಅತ್ತೆಗೆ ಇದನ್ನು ವಿವರಿಸಿದಾಗ, ಇಷ್ಟಕ್ಕೂ ಸರ್ಕಾರ ಸಂಬಳ ಕೊಡುತ್ತದೆಯೇ ಎಂದು ಕೇಳಿದರು. ಕೊಡುವುದಿಲ್ಲ ಎಂದ ಮೇಲೆ ಅವರಿಗೆ ಸಮಾಧಾನವಾಯಿತು.

ಆ ಊರಿನ ಗಡಿ ದಾಟಿ, ಅರಸರ ಕಾಲದ ಹುಲ್ಲುಗಾವಲಾದ ಅಮೃತ ಮಹಲ್ ಕಾವಲಿನ ಕಡೆ ದಾರಿ ತಿರುಗುವಲ್ಲಿ ಒಂದು ಸೊಪ್ಪಿನ ಗುಡ್ಡೆಯಿದೆ. ಗುಡಿಯಿಲ್ಲ, ನೆಟ್ಟ ಕಲ್ಲಿಲ್ಲ, ಅರಿಶಿನ ಕುಂಕುಮವೂ ಇಲ್ಲ. ಆ ದಾರಿಯಲ್ಲಿ ಹೋಗುವವರು ಬೇಲಿಯಿಂದ ಹೊಂಗೆಯದೋ ತಂಗಡಿಯದೋ ಒಂದು ಹಸಿ ಕಡ್ಡಿ ಮುರಿದು ಅದರ ಮೇಲೆ ಹಾಕಿ ಮುಂದೆ ಹೋಗುತ್ತಾರೆ. ಬೈಕಿನವರು ವೇಗ ತಗ್ಗಿಸಿ ಎಸೆಯುತ್ತಾರೆ. ಅಪ್ಪ ಅಮ್ಮನಿಗೂ ಸೊಪ್ಪು ಹಾಕದ ಪಡ್ಡೆಗಳು ಇಲ್ಲಿ ಮರೆಯದೆ ಹಾಕುತ್ತಾರೆ. ಹಿಂದೆಯೇ ಬರುವ ಕುರಿಗಳು ಅದನ್ನು ಮೇಯುತ್ತವೆ, ಯಾರೂ ಗದರುವುದಿಲ್ಲ. ಹಾಗಾಗಿ ಗುಡ್ಡೆ ಎಂದೂ ಮೊಣಕಾಲಿನಿಂದ ಮೇಲಕ್ಕೆ ಬೆಳೆದಿಲ್ಲ. ಅಲ್ಲಿರುವ ಅಮ್ಮನ ಹೆಸರು ಸೊಪ್ಪಮ್ಮ, ಜಾಗಕ್ಕೆ ಸೊಪ್ಪಮ್ಮನ ತಿರುವು ಎಂದು ಹೆಸರು. ಯಾರೋ ಮೊಬೈಲಿನ ಮ್ಯಾಪಿನಲ್ಲೂ ಅದನ್ನು ಗುರುತು ಮಾಡಿದ್ದಾರೆ, ಇನ್ಯಾರೋ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ. ಐದನೆಯದನ್ನು ಯಾಕೆ ಹಿಡಿದುಕೊಂಡರೋ ತಿಳಿಯದು.

ನನ್ನ ಪ್ರಬಂಧದ ಒಂದು ಅಧ್ಯಾಯವೇ ಈ ಗುಡ್ಡೆಯ ಮೇಲೆ. ಇಂಥ ಸೊಪ್ಪು ಹಾಕುವ ಜಾಗಗಳು ಬೇರೆ ದಾರಿಗಳಲ್ಲೂ ಇವೆ. ಇದು ಯಾವಾಗಿನಿಂದ ಇದೆ ಎಂದು ಊರಿನ ಹಿರಿಯರನ್ನು ಕೇಳಿದರೆ ಎಲ್ಲರೂ ನಮ್ಮಜ್ಜನ ಕಾಲದಿಂದ ಎಂದರು. ನಮ್ಮ ಕಡೆ ಅಜ್ಜನ ಕಾಲ ಎಂದರೆ ಹೇಳುವವನಿಗೆ ನೆನಪಿಲ್ಲದ ಕಾಲ, ಅಷ್ಟೇ. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಅರಸರ ದನಗಳು ಕಾವಲಿಗೆ ಹೋಗುತ್ತಿದ್ದ ಹಳೆಯ ದಾರಿಯ ಗುರುತು ಇದಾಗಿರಬೇಕೆಂದು ಊಹೆ ಮಾಡಿದೆ. ನನ್ನ ಗೈಡ್‌ಗೆ ಬಹಳ ಖುಷಿಯಾಯಿತು. ಮೂಲ ಯಾವುದು ಎಂದು ಇನ್ನೂ ಸ್ವಲ್ಪ ಕೆದಕಮ್ಮಾ ಎಂದರು.

ಅಷ್ಟರಲ್ಲಿ ಸೋಮಶೇಖರಪ್ಪನವರು ಅಲ್ಲಿ ಗುಡಿ ಕಟ್ಟಿಸಲು ಹೊರಟರು. ಅವರು ಊರಿನ ಕೊಬ್ಬರಿ ವ್ಯಾಪಾರಿ, ಒಳ್ಳೆಯ ಮನುಷ್ಯ. ಅವರ ಸೊಸೆಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಅವರ ಹೆಂಡತಿ ಮೀನಾಕ್ಷಮ್ಮ ಆ ತಿರುವಿನಲ್ಲಿ ದಿನಾ ಸೊಪ್ಪು ಹಾಕಿ ಬೇಡಿಕೊಂಡಿದ್ದರು. ಈಗ ಮನೆಯಲ್ಲಿ ಮೊಮ್ಮಗಳು ಹರಿದಾಡುತ್ತಿದ್ದಾಳೆ. ಅಮ್ಮ ಬಿಸಿಲಲ್ಲಿ ಮಳೆಯಲ್ಲಿ ಬಯಲಲ್ಲಿ ಬಿದ್ದಿದ್ದಾಳಲ್ಲ ಎಂದು ಅವರಿಗೆ ನಿಜವಾಗಿಯೂ ಸಂಕಟ. ಜೆಸಿಬಿ ತರಿಸಿ ಪಾಯ ತೆಗೆಸುವುದು, ಕಂಬ ಎಬ್ಬಿಸುವುದು, ಗ್ರಿಲ್ ಬಾಗಿಲು ಇಡುವುದು ಎಂದೆಲ್ಲ ಯೋಜನೆಯಾಯಿತು. ಸ್ಥಳಮಹಿಮೆ ಬರೆದುಕೊಡಲು ನನಗೆ ಹೇಳಿದರು. ನಾನೂ ಉಬ್ಬಿ ಒಪ್ಪಿಕೊಂಡೆ.

ಈ ಸುದ್ದಿಯನ್ನು ನಾನೇ ಹಿಗ್ಗಿನಿಂದ ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬೇಯಿಸುತ್ತಿದ್ದರು. ಪಾಯ ಎಷ್ಟು ಆಳ ತೆಗೆಯುತ್ತಾರೆ ಎಂದು ಕೇಳಿದರು. ಆಳುದ್ದ ಇರಬಹುದು ಎಂದೆ. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅತ್ತೆ ರೊಟ್ಟಿಗೂ ಬೈಯಲಿಲ್ಲ, ಒಲೆಗೂ ಬೈಯಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಮರುದಿನ ಬೆಳಿಗ್ಗೆ ಕುರಿ ಹೊಡೆದುಕೊಂಡು ಕಾವಲಿಗೆ ಹೊರಟವರು ನನ್ನನ್ನೂ ಜೊತೆಗೆ ಕರೆದರು. ತಿರುವಿನಲ್ಲಿ ಹೊಂಗೆ ಕಡ್ಡಿ ಮುರಿದು ಹಾಕಿದರು. ಎಸೆಯಲಿಲ್ಲ. ಬಗ್ಗಿ, ಎಲೆ ಹರಡಿಕೊಳ್ಳುವ ಹಾಗೆ ಬಿಡಿಸಿ ಇಟ್ಟರು. ಎಷ್ಟೋ ಸಲ ಅವರೊಡನೆ ಆ ದಾರಿಯಲ್ಲಿ ಹೋಗಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಕಾವಲಿನೊಳಗೆ ಹೋಗಿ ಕೂತ ಮೇಲೆ ಹೇಳಿದರು.

“ಅಲ್ಲಿ ನನ್ ಮಗಳವ್ಳೆ ಕಣೇ ಹೇಮ. ಮೊದಲ್ನೇ ಕೂಸು.”

ಗಂಡುಮಕ್ಕಳಿಗಿಂತ ಮುಂಚೆ ಅವರಿಗೊಂದು ಹೆಣ್ಣು ಹುಟ್ಟಿತ್ತು. ಇನ್ನೂ ತೊಟ್ಟಿಲ ಶಾಸ್ತ್ರವೂ ಆಗಿರಲಿಲ್ಲ, ಜ್ವರ ಬಂತು. ಅಜ್ಜಂಪುರದಲ್ಲಿ ತೋರಿಸಿ, ಬಸ್ಸಿಳಿದು ನಡೆದು ಬರುವಾಗ ಆ ತಿರುವಿನಲ್ಲಿ ಮಗು ಮಡಿಲಲ್ಲೇ ಹೋಯಿತು. ಜೊತೆಯಲ್ಲಿ ಮಾವ ಮತ್ತು ಮಾವನ ಅಪ್ಪ, ಅಂದರೆ ನನ್ನ ಅಜ್ಜ, ಇದ್ದರು. ಊರಾಚೆ ಹೋದ ಜೀವವನ್ನು ಗಡಿಯೊಳಕ್ಕೆ ತರುವ ಹಾಗಿಲ್ಲ ಎಂದು ಅಜ್ಜ ಹೇಳಿದರು. ಪಕ್ಕದ ಹೊಲದಿಂದ ಗುದ್ದಲಿ ತಂದು ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿದರು. ದಾರಿ ಬದಿಯಲ್ಲಿ ಹೂತಿದ್ದು ಗೊತ್ತಾದರೆ ಜನ ಆಡಿಕೊಳ್ಳುತ್ತಾರೆಂದು, ಆಸ್ಪತ್ರೆಯಲ್ಲೇ ತೀರಿಕೊಂಡಿತು, ಅಲ್ಲೇ ಎಲ್ಲ ಮುಗಿಸಿ ಬಂದೆವು ಎಂದು ಊರಲ್ಲಿ ಹೇಳಿದರು. ಆಮೇಲೆ ಮನೆಯಲ್ಲಿ ಆ ಮಾತು ಎತ್ತಿದವರಿಲ್ಲ.

ಅತ್ತೆ ಮೈ ಸುಧಾರಿಸಿಕೊಂಡು ಮತ್ತೆ ಕುರಿಯ ಹಿಂದೆ ಹೊರಟ ದಿನ ಆ ಜಾಗದ ಮೇಲೆ ರಣ ಬಿಸಿಲು ಬಿದ್ದಿತ್ತಂತೆ. ಎಳೇ ಕೂಸಿನ ಮುಖಕ್ಕೆ ಬಿಸಿಲು ಎಂದುಕೊಂಡು ಒಂದು ಹೊಂಗೆ ಕಡ್ಡಿ ಮುರಿದು ಇಟ್ಟರು. ಅಲ್ಲಿಂದ ದಿನಾ ಇಟ್ಟರು. ಒಂದು ದಿನ ತಮ್ಮ ಕಡ್ಡಿಯ ಪಕ್ಕದಲ್ಲಿ ಬೇರೆ ಯಾರದೋ ತಂಗಡಿ ಕಡ್ಡಿ ಇತ್ತು, ಹೂವಿನ ಸಮೇತ. ಯಾರೋ ನೋಡಿ, ಇಲ್ಲೇನೋ ಇರಬೇಕು ಎಂದುಕೊಂಡಿದ್ದರು. ಒಬ್ಬರು ಸೊಪ್ಪು ಹಾಕಿದ ಕಡೆ ಹಾಕದೆ ಹೋಗಲು ನಮ್ಮ ಜನಕ್ಕೆ ಎದೆ ಬೇಕು. ಅತ್ತೆಗೆ ಮೊದಲು ಗುಟ್ಟು ಬಯಲಾಯಿತೇ ಎಂದು ಭಯವಾಯಿತು. ಆಮೇಲೆ ಅಲ್ಲೇ ಕೂತು ಅತ್ತರು. ಸಂತೋಷಕ್ಕೆ ಅತ್ತದ್ದು ಎಂದು ನನಗೆ ಹೇಳಿದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಸತ್ತು ಎಷ್ಟೋ ಕಾಲವಾಗಿದ್ದ ಆ ಅಜ್ಜನ ಮೇಲೆ, ಹಸುಗೂಸಿನ ಹೆಣಕ್ಕೂ ಅಡ್ಡ ನಿಲ್ಲುವ ಊರ ಗಡಿಯ ಮೇಲೆ, ಅರಸರ ದನ ಎಂದು ಪುಟಗಟ್ಟಲೆ ಬರೆದ ನನ್ನ ಮೇಲೂ. ಈಗಲೇ ಹೋಗಿ ಸೋಮಶೇಖರಪ್ಪನವರಿಗೆ ಇದ್ದದ್ದು ಇದ್ದಹಾಗೆ ಹೇಳಿಬಿಡೋಣ, ಪಾಯ ತಾನಾಗಿ ನಿಲ್ಲುತ್ತದೆ ಎಂದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

“ಗೊತ್ತಾದ್ರೆ ಹೆಣ ಹೂತಿರೋ ಜಾಗ ಅಂತ ದೂರ ಸರ್ಕಂಡು ಹೋಗ್ತಾರೆ ಕಣೇ. ಈಗ ಊರಿಗೂರೇ ನನ್ ಮಗಳಿಗೆ ನೆಳ್ಳು ಹಾಕ್ತೈತೆ. ಅದನ್ನ ಕಳೀಬ್ಯಾಡ.”

ಮಣ್ಣು ಅಗೆಯಬಾರದು, ಸೊಪ್ಪೂ ನಿಲ್ಲಬಾರದು. ಅತ್ತೆಗೆ ಬೇಕಾಗಿದ್ದದ್ದು ಇಷ್ಟೇ. ನಿಜ ಹೇಳಿದರೆ ಸೊಪ್ಪು ನಿಲ್ಲುತ್ತದೆ, ಹೇಳದಿದ್ದರೆ ಜೆಸಿಬಿ ಬರುತ್ತದೆ. ಮಾವನಿಗಾದರೂ ಹೇಳೋಣವೇ ಎಂದು ಕೇಳಿದೆ. ಅವರಿಗೆ ಅದೆಲ್ಲ ಮರೆತೇ ಹೋಗಿದೆ, ಒಂದು ದಿನಕ್ಕೂ ಆ ಮಾತೆತ್ತಿದವರಲ್ಲ ಎಂದರು. ಆ ದನಿಯಲ್ಲಿ ಎಷ್ಟೋ ವರ್ಷದ ಕಹಿ ಇತ್ತು.

ಗುಡಿಯ ಸಭೆ ಸೋಮಶೇಖರಪ್ಪನವರ ಕೊಬ್ಬರಿ ಗೋದಾಮಿನಲ್ಲಿ ಸೇರಿತು. ಗಂಡಸರು ಚೀಲಗಳ ಮೇಲೆ ಕೂತಿದ್ದರು, ಹೆಂಗಸರು ಬಾಗಿಲ ಹತ್ತಿರ ನಿಂತಿದ್ದರು. ನಾನು ಎದ್ದು, ಸೊಪ್ಪು ಹಾಕಿಸಿಕೊಳ್ಳುವ ಅಮ್ಮಂದಿರಿಗೆ ನಾನು ನೋಡಿದ ಕಡೆಯೆಲ್ಲ ಸೂರಿಲ್ಲ, ಬಯಲೇ ಅವರ ಗುಡಿ ಎಂದೆ. ಸುಳ್ಳೇನೂ ಹೇಳಲಿಲ್ಲ. ಸೋಮಶೇಖರಪ್ಪನವರು ಗೌರವದಿಂದಲೇ ಕೇಳಿಸಿಕೊಂಡು, ಕಾಲ ಬದಲಾಗಿದೆ, ನಮಗೆ ಶಕ್ತಿ ಇರುವಾಗ ಅಮ್ಮನನ್ನು ಯಾಕೆ ಮಳೆಯಲ್ಲಿ ನೆನೆಸಬೇಕು ಎಂದರು. ಹಲವರು ತಲೆಯಾಡಿಸಿದರು. ನನ್ನ ಓದು ಅಲ್ಲಿಗೆ ಮುಗಿಯಿತು.

ಆಗ ಬಾಗಿಲ ಕಡೆಯಿಂದ ಅತ್ತೆಯ ದನಿ ಬಂತು.

“ಸಾವ್ಕಾರ್ರೇ, ಗುಡಿ ಕಟ್ಟಿದ್ರೆ ಬಾಗ್ಲು ಇಕ್ತೀರ, ಬಾಗ್ಲು ಇಕ್ಕಿದ್ರೆ ಬೀಗ ಹಾಕ್ತೀರ. ಹೊತ್ತುಟ್ಟೋಕೆ ಮುಂಚೆ ಕುರಿ ಹೊಡ್ಕಂಡು ಹೋಗೋ ನಾನು ಸೊಪ್ಪು ಎಲ್ಲಿಗೆ ಹಾಕ್ಲಿ? ಬಾಗ್ಲು ತೆಗ್ಯೋರು ಯಾರು?”

ಮೀನಾಕ್ಷಮ್ಮ ಗಂಡನ ಕಡೆ ನೋಡಿ, ತಾನು ಬೇಡಿಕೊಂಡದ್ದು ಬೀಗದ ಮುಂದೆ ನಿಂತಲ್ಲ ಎಂದು ಮೆಲ್ಲಗೆ ಹೇಳಿದರು. ಸೋಮಶೇಖರಪ್ಪನವರು ಇನ್ನೂ ಯೋಚಿಸುತ್ತಿದ್ದರು. ಅಷ್ಟರಲ್ಲಿ ಮೂಲೆಯ ಚೀಲದ ಮೇಲಿಂದ ನಮ್ಮ ಮಾವ ಎದ್ದರು. ಚಿಕ್ಕಬೀರಪ್ಪ ಸಭೆಯಲ್ಲಿ ಎದ್ದದ್ದೇ ಒಂದು ಸುದ್ದಿ.

“ಅವ್ಳಿಗೆ ಸೂರು ಬ್ಯಾಡ,” ಎಂದರು. “ಅಗ್ಯೋದೂ ಬ್ಯಾಡ. ನಮ್ ಸೊಪ್ಪೇ ಸಾಕು.”

ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತುಬಿಟ್ಟರು. ನಾನು ಅತ್ತೆಯ ಕಡೆ ನೋಡಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಗಂಡನನ್ನೇ ನೋಡುತ್ತಿದ್ದರು. ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದರು.

ಪಾಯ ಬೇಡವೆಂದು ತೀರ್ಮಾನವಾಯಿತು. ಗುಡಿಗೆಂದು ತರಿಸಿದ್ದ ಇಟ್ಟಿಗೆಯಲ್ಲಿ ದಾರಿಯ ಆಚೆ ಬದಿ ದಣಿದವರಿಗೆ ಕೂರಲು ಒಂದು ಕಟ್ಟೆ ಕಟ್ಟಿಸಿದರು. ಒಂದು ಬೋರ್ಡನ್ನಾದರೂ ಹಾಕಿಸುತ್ತೇನೆ ಎಂದು ಸೋಮಶೇಖರಪ್ಪನವರು ಹಟ ಹಿಡಿದರು, ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಹೆಸರಿನ ಮುಂದೆ ಶ್ರೀ, ಹಿಂದೆ ಈಶ್ವರಿ ಸೇರಿಸಬೇಕೆಂದು ಕೆಲವರು ಜಗಳ ತೆಗೆದರು. ಕೊನೆಗೆ ಊರು ಕರೆಯುವ ಹೆಸರೇ ಇರಲಿ ಎಂದಾಯಿತು. ನನ್ನ ಪ್ರಬಂಧದಲ್ಲಿ ಅರಸರ ದನಗಳನ್ನು ಹೊರಗಟ್ಟಿ, ಈ ಜಾಗದ ಮೂಲದ ಬಗ್ಗೆ ಏನನ್ನೂ ಹೇಳಲಾಗದು ಎಂದು ಬರೆದೆ. ಇಷ್ಟು ದಿನ ಮಾಡಿದ್ದೇನು ಎಂದು ಗೈಡ್ ಬೈದರು. ಬೈಸಿಕೊಂಡೆ.

ಬೋರ್ಡು ನೆಟ್ಟ ಮಾರನೆಯ ದಿನ ಅತ್ತೆ ಮಾವನ ಜೊತೆ ನಾನೂ ಕಾವಲಿಗೆ ಹೊರಟೆ. ಇಬ್ಬರೂ ಒಟ್ಟಿಗೆ ಆ ದಾರಿಯಲ್ಲಿ ಬರುವುದನ್ನು ನಾನು ನೋಡಿದ್ದು ಅದೇ ಮೊದಲು. ಮಾವ ಹೊಂಗೆ ಕಡ್ಡಿ ಮುರಿದರು, ಬಗ್ಗಿದರು, ಎಲೆ ಹರಡಿಕೊಳ್ಳುವ ಹಾಗೆ ಬಿಡಿಸಿ ಇಟ್ಟರು. ಹಿಂದೆ ಒಬ್ಬರೇ ಬಂದಾಗಲೂ ಹೀಗೇ ಇಡುತ್ತಿದ್ದರೋ ಏನೋ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾವನಿಗೆ ಓದು ಬಾರದು. ಬೋರ್ಡಿನಲ್ಲಿ ಏನು ಬರೆದಿದ್ದಾರೆ ಎಂದು ನನ್ನನ್ನು ಕೇಳಿದರು.

ಸೊಪ್ಪಮ್ಮ ಎಂದು ಓದಿದೆ.

“ಹೆಸರಿಡೋಕೆ ಮುಂಚೇನೇ ಹೋದ್ಲು,” ಎಂದರು ಅತ್ತೆ. “ಊರೇ ಹೆಸರಿಕ್ತು, ಬಿಡು.”

ಕುರಿಗಳು ಆಗಲೇ ಸೊಪ್ಪಿಗೆ ಬಾಯಿ ಹಾಕಿದ್ದವು. ಮಾವ ಬೋರ್ಡನ್ನೇ ನೋಡುತ್ತಾ, ಇನ್ನೊಂದು ಸಲ ಓದಮ್ಮ ಎಂದರು. ಓದಿದೆ.